ನೊರೆಯನ್ನು ನಂಬಬೇಡಿ
ಮೊನ್ನೆ ಪಕ್ಕದ ಮನೆಯ ಹುಡುಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡ. ಅವನಜ್ಜಿ ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಉಕ್ಕಿದ ಬಿಳಿ ನೊರೆ ತೋರಿಸಿ, “ನೋಡು ಮಗಾ, ಕ್ರಿಮಿಯೆಲ್ಲ ಸಾಯ್ತಿವೆ” ಅಂದರು. ಹೆಚ್ಚಿದ ಹಸಿ ಆಲೂಗಡ್ಡೆಯ ಮೇಲೆ ಹಾಕಿದರೂ ಅದೇ ನೊರೆ ಬರುತ್ತದೆ. ಅಲ್ಲಿ ಯಾವ ಗಾಯ? ಆಲೂಗಡ್ಡೆಯಲ್ಲೂ ನಮ್ಮ ರಕ್ತದಲ್ಲೂ ಇರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು, ಆಮ್ಲಜನಕಗಳಾಗಿ ಒಡೆಯುತ್ತದೆ, ಅಷ್ಟೇ. ಕ್ರಿಮಿಗಳ ಜೊತೆಗೆ ಹೊಸ ಚರ್ಮ ಕಟ್ಟುವ ಜೀವಕೋಶಗಳಿಗೂ ಪೆಟ್ಟು ಬೀಳುತ್ತದೆ. ಔಷಧಿ ಅಂಗಡಿಯ ಸೀಸೆಯ ಮೇಲಿನ ‘20 ವಾಲ್ಯೂಮ್’ ಅಂದರೆ ಸುಮಾರು ಶೇ. 6ರ ದ್ರಾವಣ, ಅಜ್ಜಿ ಅದಕ್ಕೆ ಹನಿ ನೀರೂ ಬೆರೆಸಿರಲಿಲ್ಲ. ಬಿಳಿ ಬಟ್ಟೆಯ ರಕ್ತದ ಕಲೆಗೆ ಆ ಸೀಸೆ ಇಟ್ಟುಕೊಳ್ಳಿ. ಮಕ್ಕಳ ತರಚು ಗಾಯಕ್ಕೆ ಹರಿಯುವ ನಲ್ಲಿ ನೀರು ಸಾಕು.