ಸೈಕಲ್ಲಿನ ಜೊತೆ ಸ್ಪ್ಯಾನರನ್ನೂ ಕೊಡಿ

ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಮತ್ತೆ ಬೇಕೋ ಬೇಡವೋ ಎಂಬ ಜಗಳ ಆಗಾಗ ಏಳುತ್ತದೆ, ಆಮೇಲೆ ತಣ್ಣಗಾಗುತ್ತದೆ. 2006-07ರಲ್ಲಿ ಶುರುವಾಗಿ, ಸರ್ಕಾರಗಳು ಬದಲಾದರೂ ನಡೆದುಕೊಂಡು ಬಂದು, ಕೋವಿಡ್ ಕಾಲದಲ್ಲಿ ನಿಂತ ಯೋಜನೆ ಇದು. ಬೇಕು ಎನ್ನುವವರು ದೂರದ ಹೈಸ್ಕೂಲಿಗೆ ನಡೆಯಲಾರದೆ ಓದು ಬಿಟ್ಟ ಹೆಣ್ಣುಮಕ್ಕಳ ಮಾತೆತ್ತುತ್ತಾರೆ. ಬೇಡ ಎನ್ನುವವರು ಕಳಪೆ ಮಾಲು, ಟೆಂಡರಿನ ಒಳಒಪ್ಪಂದ, ತುಕ್ಕು ಹಿಡಿದು ಬಿದ್ದ ರಾಶಿಗಳತ್ತ ಬೆರಳು ತೋರಿಸುತ್ತಾರೆ. ಅತ್ತ ಬೆಂಗಳೂರಿನಲ್ಲಿ ಬೇರೆಯದೇ ಜಗಳ: ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥ ಏಕೆ ಉಳಿಯಲಿಲ್ಲ, ಮತ್ತೆ ಎಲ್ಲಿ ಮಾಡಬೇಕು, ಯಾರ ದುಡ್ಡಿನಲ್ಲಿ ಎಂಬುದು. ಹಳ್ಳಿಯ ಜಗಳ ಸೈಕಲ್ ಕೊಳ್ಳುವ ದಿನದ ಬಗ್ಗೆ, ನಗರದ ಜಗಳ ಅದು ಓಡುವ ರಸ್ತೆಯ ಬಗ್ಗೆ. ಕೊಂಡ ಮರುದಿನದಿಂದ ಮೂಲೆ ಸೇರುವ ದಿನದವರೆಗೆ ಆ ಸೈಕಲ್ಲಿನ ಗತಿ ಏನು ಎಂದು ಕೇಳುವವರು ಎರಡೂ ಕಡೆ ಇಲ್ಲ. ಸೈಕಲ್ ಹೆಸರಿನಲ್ಲಿ ಖರ್ಚಾಗುವ ಸಾರ್ವಜನಿಕ ಹಣದ ಮೊದಲ ಪಾಲು ರಿಪೇರಿಗೆ ಹೋಗಬೇಕು, ಅಂದರೆ ಅದನ್ನು ಕಲಿಸುವುದಕ್ಕೆ, ಬಿಡಿಭಾಗಗಳು ಸಿಗುವಂತೆ ಮಾಡುವುದಕ್ಕೆ, ಕೂತು ಬಿಚ್ಚಿ ಜೋಡಿಸುವ ಜಾಗಕ್ಕೆ ಹೋಗಬೇಕು ಎಂಬುದು ಈ ಲೇಖನದ ವಾದ.

ನಮ್ಮಲ್ಲಿ ಸೈಕಲ್ಲಿಗೇನೂ ಬರವಿಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಅರ್ಧದಷ್ಟು ಮನೆಗಳಲ್ಲಿ ಸೈಕಲ್ ಇದೆ. 2011ರ ಜನಗಣತಿಯ ಹೊತ್ತಿಗೂ ಈ ಪ್ರಮಾಣ ಸುಮಾರು ಶೇ 45 ಇತ್ತು. ಆದರೆ ಅದೇ ಜನಗಣತಿಯಲ್ಲಿ, ಬೇಸಾಯ ಬಿಟ್ಟು ಬೇರೆ ಕೆಲಸ ಮಾಡುವವರ ಪೈಕಿ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರು ಶೇ 13ರ ಆಸುಪಾಸು. ಮನೆಯಲ್ಲಿರುವುದಕ್ಕೂ ರಸ್ತೆಗೆ ಇಳಿಯುವುದಕ್ಕೂ ನಡುವೆ ಇಷ್ಟು ಅಂತರವಿರಲು ಕಾರಣ ಹಲವು: ಕೆಲಸದ ಜಾಗದ ದೂರ, ಕಂತಿನಲ್ಲಿ ಸಿಗುವ ಬೈಕು, ಲಾರಿಗಳ ಭಯ, ಸೈಕಲ್ ತುಳಿಯುವವನು ಬಡವ ಎಂಬ ಭಾವನೆ. ಎಲ್ಲವನ್ನೂ ರಿಪೇರಿಯ ತಲೆಗೆ ಕಟ್ಟಲಾಗದು. ಆದರೂ ಯಾವ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಬೇಕಾದರೂ ಇಳಿದು ನೋಡಿ. ಗಾಳಿಯಿಲ್ಲದ ಟೈರಿನ ಮೇಲೆ ರಿಮ್ಮು ಕೂತಿರುವ, ಚೈನು ಕೆಂಪಾಗಿರುವ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಬಹುತೇಕ ಗುಜರಿಗೆ ಹೋಗುವಷ್ಟು ಹಾಳಾಗಿರುವುದಿಲ್ಲ. ಅರ್ಧ ಗಂಟೆಯ ಕೆಲಸ ಸಾಕು, ಮಾಡುವವರಿಲ್ಲ, ಅಷ್ಟೆ.

ಸೈಕಲ್ ಹಾಳಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ಯೋಜನೆ ಮಾಡುವವರು ನೋಡಿದಂತೆ ಕಾಣುವುದಿಲ್ಲ. ಬಯಲುಸೀಮೆಯ ದಾರಿಗಳ ಅಂಚಿನಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿರುತ್ತದೆ. ಅದರ ಮುಳ್ಳು ಟೈರಿನೊಳಗೆ ಹೊಕ್ಕು ಮುರಿದು, ತುದಿ ಒಳಗೇ ಉಳಿಯುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿ ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡದೆ ಮತ್ತೆ ಕೂರಿಸಿದರೆ, ಮನೆ ಮುಟ್ಟುವ ಮೊದಲೇ ಅದೇ ಜಾಗದಲ್ಲಿ ಇನ್ನೊಂದು ತೂತು. ಪ್ಯಾಚ್ ಹಾಕುವಾಗಲೂ ಹೆಚ್ಚಿನವರು ಎಡವುವುದು ಆತುರದಲ್ಲಿ: ಉಜ್ಜಿ, ಸೊಲ್ಯೂಷನ್ ಬಳಿದು, ಅದು ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯದೆ ಒತ್ತಿಬಿಡುತ್ತಾರೆ. ಇನ್ನು ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್. ಅದು ಸಡಿಲವಾದಾಗ ಪ್ರತಿ ತುಳಿತಕ್ಕೂ 'ಟಕ್' ಎಂಬ ಸದ್ದು ಬರುತ್ತದೆ. ಆ ಹೊತ್ತಿಗೆ ನಟ್ಟು ಬಿಗಿದರೆ ಅಥವಾ ಪಿನ್ ಬದಲಿಸಿದರೆ ಚಿಲ್ಲರೆ ಖರ್ಚು. ಸದ್ದು ಕೇಳಿಯೂ ತಿಂಗಳುಗಟ್ಟಲೆ ತುಳಿದರೆ ಕ್ರ್ಯಾಂಕಿನ ತೂತೇ ಸವೆದು ಇಡೀ ಭಾಗ ಹೋಗುತ್ತದೆ. ಹೊಸ ಚಕ್ರದ ಕಡ್ಡಿಗಳು ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ. ಆಗೊಮ್ಮೆ ಬಿಗಿಸಿ ಬೆಂಡ್ ತೆಗೆಸದಿದ್ದರೆ ಚಕ್ರ ಬ್ರೇಕಿಗೆ ಉಜ್ಜತೊಡಗುತ್ತದೆ, ಆಮೇಲೆ ಕಡ್ಡಿಗಳು ಒಂದೊಂದಾಗಿ ಮುರಿಯುತ್ತವೆ. 'ಕಳಪೆ ಸೈಕಲ್' ಎಂದು ಬೈಸಿಕೊಂಡದ್ದರಲ್ಲಿ ನಿಜವಾಗಿ ಕಳಪೆಯಾದದ್ದು ಎಷ್ಟು, ಬೇರಿಂಗಿಗೆ ಗ್ರೀಸ್ ಕಾಣದೆ ಅವಸರದಲ್ಲಿ ಜೋಡಿಸಿ ಕೊಟ್ಟದ್ದು ಎಷ್ಟು, ಕೊಟ್ಟ ಮೇಲೆ ಯಾರೂ ಮುಟ್ಟಿ ನೋಡದ್ದರಿಂದ ಕೆಟ್ಟದ್ದು ಎಷ್ಟು ಎಂದು ಬೇರೆ ಬೇರೆ ಮಾಡಿ ಹೇಳುವ ವ್ಯವಸ್ಥೆಯೇ ನಮ್ಮಲ್ಲಿಲ್ಲ. ಟೆಂಡರಿನಲ್ಲಿ ಮೋಸ ನಡೆದಿಲ್ಲ ಎಂದು ವಾದಿಸುತ್ತಿಲ್ಲ. ಮೋಸವಿಲ್ಲದ ಟೆಂಡರಿನ ಸೈಕಲ್ಲಿಗೂ ಜಾಲಿ ಮುಳ್ಳು ಚುಚ್ಚುತ್ತದೆ.

ಬಿಹಾರದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿಯೂ 2006ರಲ್ಲೇ, ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆಂದು ಇಂಥದೇ ಯೋಜನೆ ಬಂತು. ಆದರೆ ಸರ್ಕಾರ ಸೈಕಲ್ ಹಂಚಲಿಲ್ಲ, ಕೊಳ್ಳಲು ಹಣ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ವಯಸ್ಸಿನ ಹೆಣ್ಣುಮಕ್ಕಳ ಪ್ರೌಢಶಾಲಾ ದಾಖಲಾತಿ ಇದರಿಂದ ಶೇ 32ರಷ್ಟು ಏರಿತು. ಏರಿಕೆಯ ಹೆಚ್ಚಿನ ಪಾಲು ಬಂದದ್ದು ಹೈಸ್ಕೂಲಿನಿಂದ ಮೂರು ಕಿಲೋಮೀಟರಿಗಿಂತ ದೂರದ ಊರುಗಳಿಂದ. ಈ ಅಧ್ಯಯನವನ್ನು ನಮ್ಮಲ್ಲಿ ಉಚಿತ ಸೈಕಲ್ ಪರ ವಾದಿಸುವವರು ಬೇಕಾದಷ್ಟು ಬಳಸಬಹುದು, ಬಳಸಬೇಕು ಕೂಡ. ಆದರೆ ಅದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಲಾಭವೆಲ್ಲ ದೂರವನ್ನು ದಿನವೂ ದಾಟುವುದರಲ್ಲಿದೆ. ಐದು ಕಿಲೋಮೀಟರ್ ದೂರದ ಹುಡುಗಿಗೆ ಪಂಚರ್ ಅಂಗಡಿ ಇರುವುದು ಶಾಲೆಯಿರುವ ಊರಿನಲ್ಲೇ ಆದರೆ, ಒಂದು ಪಂಚರ್ ಎಂದರೆ ಒಂದು ದಿನದ ಪಾಠ. ಅಪ್ಪನಿಗೋ ಅಣ್ಣನಿಗೋ ಪುರುಸೊತ್ತಾಗುವವರೆಗೆ ಒಂದು ವಾರದ ಪಾಠ. ಅವಳ ಚೀಲದಲ್ಲಿ ಪ್ಯಾಚು, ಸೊಲ್ಯೂಷನ್, ಟೈರ್ ಬಿಡಿಸುವ ಎರಡು ಲಿವರ್, ಮನೆಯಲ್ಲೊಂದು ಪಂಪು ಇದ್ದು, ಬಳಸಲು ಗೊತ್ತಿದ್ದರೆ ಆ ದಿನ ಉಳಿಯುತ್ತದೆ. ಸ್ಪ್ಯಾನರ್ ಗಂಡಸರ ಕೈಯಲ್ಲಿರುವ ವಸ್ತು ಎಂಬ ಅಲಿಖಿತ ನಿಯಮವೂ ಅಷ್ಟಕ್ಕೇ ಸಡಿಲವಾಗುತ್ತದೆ.

ಇನ್ನು ನಗರದ ಹವ್ಯಾಸಿಗಳು. ವಾರಾಂತ್ಯದ ನಸುಕಿನಲ್ಲಿ ನಂದಿ ಬೆಟ್ಟದ ದಾರಿ ಹಿಡಿಯುವ ಗುಂಪುಗಳು, 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲ್ಗಿರೀಸ್‌ನಂಥ ಯಾತ್ರೆಗಳು ಸೈಕಲ್ಲಿಗೆ ಕಳೆದುಹೋಗಿದ್ದ ಮರ್ಯಾದೆಯನ್ನು ಸ್ವಲ್ಪ ಮರಳಿ ತಂದಿವೆ, ಇದನ್ನು ಅಲ್ಲಗಳೆಯುವಂತಿಲ್ಲ. ಸೈಕಲ್ ನೀತಿಯ ಬಗ್ಗೆ ಅಧಿಕಾರಿಗಳೆದುರು ಕೂತು ಮಾತಾಡುವವರೂ ಬಹುಪಾಲು ಇವರೇ. ಹಾಗಾಗಿ ಇವರ ಕಣ್ಣಿಗೆ ಬೀಳದ್ದು ನೀತಿಯ ಕಣ್ಣಿಗೂ ಬೀಳುವುದಿಲ್ಲ. ಈ ವಲಯದಲ್ಲಿ ಚೌಕಟ್ಟಿನ ತೂಕ, ಗೇರಿನ ಹಲ್ಲು, ಹೃದಯದ ಬಡಿತದ ಲೆಕ್ಕ ಎಲ್ಲದಕ್ಕೂ ಚರ್ಚೆಯಿದೆ. ಕೈಗೆ ಮಸಿ ಹತ್ತಿಸಿಕೊಳ್ಳುವ ಕೆಲಸ ಬಂದಾಗ ಸರ್ವಿಸ್ ಸೆಂಟರಿಗೆ ಫೋನು. ಸ್ವಂತ ದುಡ್ಡು, ಸ್ವಂತ ಸೈಕಲ್, ನಿಮಗೇನು ಎಂದು ಕೇಳಬಹುದು. ಬರೀ ಹವ್ಯಾಸವಾಗಿದ್ದರೆ ನನಗೇನೂ ಇಲ್ಲ. ಆದರೆ 'ಸೈಕಲ್ ಸಂಸ್ಕೃತಿ' ಬೆಳೆಸುತ್ತಿದ್ದೇವೆ ಎಂದು ಸರ್ಕಾರದ ಬಳಿ ಪಥ, ಅನುದಾನ, ರಸ್ತೆ ಕೇಳುವಾಗ ಆ ಸಂಸ್ಕೃತಿಯಲ್ಲಿ ಪಂಚರ್ ಹಾಕುವವನಿಗೆ ಯಾವ ಜಾಗ ಎಂದು ಕೇಳುವ ಹಕ್ಕು ಉಳಿದವರಿಗಿದೆ. ಪಂಚರ್ ಹಾಕುವವರು ಎಂಬುದನ್ನೇ ಬೈಗುಳ ಮಾಡಿಕೊಂಡ ರಾಜಕೀಯ ಭಾಷಣಗಳನ್ನು ಈಚಿನ ವರ್ಷಗಳಲ್ಲಿ ಕೇಳಿದ್ದೇವೆ. ಆ ತಾತ್ಸಾರ ಭಾಷಣಕಾರರದ್ದು ಮಾತ್ರವಲ್ಲ, ಸಭಿಕರದ್ದೂ ಹೌದು. ಚಪ್ಪಾಳೆ ಬಿದ್ದದ್ದಕ್ಕೇ ಅದು ಮತ್ತೆ ಮತ್ತೆ ಬರುತ್ತದೆ.

ಇದು ಬರೀ ಶೀಲದ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಸೈಕಲ್ಲೇ ಬದಲಾಗುತ್ತಿದೆ ಎಂಬುದು ನಿಜವಾದ ತೊಂದರೆ. ದುಬಾರಿ ಮಾದರಿಗಳಲ್ಲಿ ಈಗ ಬ್ರೇಕಿನ ಎಣ್ಣೆ ಪೈಪನ್ನು ಅಂದಕ್ಕೆಂದು ಹ್ಯಾಂಡಲಿನ ಬುಡದ ಬೇರಿಂಗಿನ ನಡುವಿನಿಂದಲೇ ಒಳಗೆ ಇಳಿಸುತ್ತಾರೆ. ಆ ಬೇರಿಂಗ್ ಬದಲಿಸಬೇಕಾದರೆ ಹಲವು ಮಾದರಿಗಳಲ್ಲಿ ಬ್ರೇಕಿನ ಪೈಪನ್ನೇ ಕಳಚಿ, ಮತ್ತೆ ಜೋಡಿಸಿ, ಗಾಳಿ ತೆಗೆಯಬೇಕು. ಮೊದಲು ಎರಡು ಸ್ಪ್ಯಾನರಿನ ಕೆಲಸವಾಗಿದ್ದುದು ಹೀಗೆ ಅರ್ಧ ದಿನದ ಕೆಲಸವಾಯಿತು. 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದು, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆ ನಿಲ್ಲಿಸಿತು. ಕೆಲಸ ಕಳೆದುಕೊಂಡವರಿಗೆ ಅದು ದೊಡ್ಡ ಪೆಟ್ಟು. ಆದರೆ ಮನೆಯಲ್ಲಿ ಹಳೆಯ ಅಟ್ಲಾಸ್ ಇದ್ದವರಿಗೆ ಮರುದಿನ ಏನೂ ಆಗಲಿಲ್ಲ. ಹೀರೋಗೆ ಹೊಂದುವ ಟೈರು, ಏವನ್‌ಗೆ ಹೊಂದುವ ಚೈನು, ಹರ್ಕ್ಯುಲಿಸ್‌ಗೆ ಹೊಂದುವ ಪೆಡಲು ಅದಕ್ಕೂ ಹೊಂದುತ್ತವೆ. ಇದರ ಪಕ್ಕದಲ್ಲಿ ನೆದರ್ಲೆಂಡ್ಸಿನ ವ್ಯಾನ್‌ಮೂಫ್ ಇಟ್ಟು ನೋಡಿ. ಆ್ಯಪಿನಿಂದ ಬೀಗ ತೆಗೆಯುವ ವಿದ್ಯುತ್ ಸೈಕಲ್, ಭಾಗಗಳೆಲ್ಲ ಕಂಪನಿಯದೇ ವಿನ್ಯಾಸ. 2023ರ ಜುಲೈನಲ್ಲಿ ಕಂಪನಿ ದಿವಾಳಿಯಾದಾಗ, ಸರ್ವರ್ ನಿಂತರೆ ತಮ್ಮ ಸೈಕಲ್ಲಿನ ಕೀಲಿಯೇ ಹೋಗುತ್ತದೆಂದು ಗ್ರಾಹಕರು ಕಂಗಾಲಾದರು. ಕೀಲಿಯ ಪ್ರತಿ ಉಳಿಸಿಕೊಳ್ಳುವ ಆ್ಯಪನ್ನು ಪ್ರತಿಸ್ಪರ್ಧಿ ಕಂಪನಿಯೊಂದು ತಯಾರಿಸಿ ಕೊಡಬೇಕಾಯಿತು. ಸೈಕಲ್ ನಾಡೆಂದೇ ಹೆಸರಾದ ದೇಶದ ಕಥೆ ಇದು. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿದಾಗ ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ಮೋಟಾರು ವಾಹನಗಳನ್ನು ಹೆಸರಿಸಿತು. ಸೈಕಲ್ಲನ್ನು ಹೆಸರಿಸಲಿಲ್ಲ. ಯಾರು ಬೇಕಾದರೂ ರಿಪೇರಿ ಮಾಡಬಹುದಾದ ವಸ್ತು ಅದು ಎಂಬ ನಂಬಿಕೆ ಇದ್ದಿರಬೇಕು. ಆ ನಂಬಿಕೆಯ ಅವಧಿ ಮುಗಿಯುತ್ತ ಬಂದಿದೆ.

ಪಥವೇ ಮೊದಲು ಎನ್ನುವವರ ಆಕ್ಷೇಪ ಗಟ್ಟಿಯಾದದ್ದು. ಸ್ಪೇನಿನ ಸೆವಿಲ್ ನಗರದಲ್ಲಿ 2006ರ ನಂತರ ಒಂದಕ್ಕೊಂದು ಕೂಡಿಕೊಂಡ ಪಥಗಳ ಜಾಲವನ್ನು ಒಟ್ಟಿಗೇ ನಿರ್ಮಿಸಿದಾಗ ಸೈಕಲ್ ಸವಾರರು ಹಲವು ಪಟ್ಟು ಹೆಚ್ಚಿದರು. ಅಲ್ಲಿ ಯಾರೂ ಮೊದಲು ರಿಪೇರಿ ಕಲಿಸಲಿಲ್ಲ. ನಿಜ. ಆದರೆ ನಮ್ಮಲ್ಲಿ ಆದದ್ದು ಜಾಲವಲ್ಲ, ಒಂದು ರಸ್ತೆಯ ಒಂದು ತುಂಡು. ಬೈಕುಗಳು ಅದರೊಳಗೆ ನುಗ್ಗಿದವು, ಕಂಬಗಳು ಮುರಿದವು, ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು. ಬೇಕೇಬೇಕು ಎಂದು ಪಟ್ಟು ಹಿಡಿಯುವಷ್ಟು ಮಂದಿ ದಿನನಿತ್ಯದ ಸವಾರರು ಅಲ್ಲಿರಲಿಲ್ಲ. ಪಥ ಬೇಡ ಎಂದು ಹೇಳುವ ಮೂರ್ಖತನ ನನ್ನದಲ್ಲ. ವಾರಕ್ಕೊಮ್ಮೆ ತುಳಿಯುವವರ ಬೆಂಬಲದಿಂದ ಪಥ ಉಳಿಯುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಮೈಸೂರಿನಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ವ್ಯವಸ್ಥೆಯನ್ನೂ, ಬೆಂಗಳೂರಿಗೆ ಬಂದು ಬೇಗ ಗಂಟುಮೂಟೆ ಕಟ್ಟಿದ ಓಫೊದಂಥ ಕಂಪನಿಗಳನ್ನೂ ಅಳೆಯಬೇಕಾದದ್ದು ಉದ್ಘಾಟನೆಯ ದಿನದ ಸಂಖ್ಯೆಯಿಂದಲ್ಲ, ಎರಡು ವರ್ಷದ ಮೇಲೆ ಬ್ರೇಕ್ ಹಿಡಿಯುವ ಸೈಕಲ್ ಎಷ್ಟು ಎಂಬುದರಿಂದ.

ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸೇ ಉಚಿತವಿರುವಾಗ ಸೈಕಲ್ ಏಕೆ ಎನ್ನುವ ಮಾತಿಗೆ ಉದ್ದದ ಉತ್ತರ ಬೇಕಿಲ್ಲ. ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಗಂಡುಹುಡುಗರಿಗಂತೂ ಆ ಸೌಲಭ್ಯವೂ ಇಲ್ಲ. ಕೈಯಾರೆ ರಿಪೇರಿ ಅಪಾಯ, ಬ್ರೇಕಿನಂಥ ಭಾಗಕ್ಕೆ ಮಕ್ಕಳು ಕೈ ಹಾಕಬಾರದು ಎನ್ನುವವರೂ ಇದ್ದಾರೆ. ಬ್ರೇಕಿನ ರಬ್ಬರ್ ಪೂರ್ತಿ ಸವೆದದ್ದು ಗೊತ್ತೇ ಆಗದೆ ಇಳಿಜಾರಿನಲ್ಲಿ ಇಳಿಯುವುದು ಇದಕ್ಕಿಂತ ದೊಡ್ಡ ಅಪಾಯ. ಕಲಿತವನಿಗೆ ಎಲ್ಲಿ ನಿಲ್ಲಿಸಬೇಕೆಂಬುದೂ ತಿಳಿಯುತ್ತದೆ: ಪಂಚರು, ಚೈನಿಗೆ ಎಣ್ಣೆ, ಬ್ರೇಕ್ ರಬ್ಬರ್ ತನ್ನ ಕೆಲಸ, ಚಕ್ರದ ಬೆಂಡು ತೆಗೆಯುವುದು ಅಂಗಡಿಯವರ ಕೆಲಸ, ಕಾರ್ಬನ್ ಚೌಕಟ್ಟಿನ ಬೋಲ್ಟನ್ನು ಅದರ ಮೇಲೆ ಅಚ್ಚಾದ ಅಳತೆ ಮೀರಿ ಬಿಗಿದರೆ ಸೀಳುತ್ತದೆ.

ಹಾಗಾದರೆ ಸೈಕಲ್ ಶಾಪಿನವನ ಹೊಟ್ಟೆಯ ಮೇಲೆ ಹೊಡೆದಂತಾಗಲಿಲ್ಲವೇ? ಅವನ ಹೊಟ್ಟೆಯ ಮೇಲೆ ಈಗಾಗಲೇ ಹೊಡೆದಿರುವುದು ಮೂಲೆ ಸೇರಿದ ಸೈಕಲ್ಲುಗಳು. ಸಣ್ಣ ಹೋಬಳಿಗಳಲ್ಲಿ ಈ ಅಂಗಡಿಗಳು ಬೈಕಿನ ಪಂಚರಿನ ಮೇಲೆ ಬದುಕುತ್ತಿವೆ, ಇಲ್ಲವೇ ಬಾಗಿಲು ಹಾಕಿವೆ. ಓಡುವ ಸೈಕಲ್ ಹೆಚ್ಚಿದರೆ ಚೈನು, ಟೈರು, ಓವರ್‌ಹಾಲಿಂಗ್ ಹೆಚ್ಚುತ್ತವೆ. ಫ್ರಾನ್ಸ್ 2020ರ ಮೇ ತಿಂಗಳಲ್ಲಿ ಮಾಡಿದ್ದು ಇದನ್ನೇ: ಮನೆಯಲ್ಲಿ ಬಿದ್ದ ಸೈಕಲ್ಲನ್ನು ನೋಂದಾಯಿತ ಅಂಗಡಿಗೆ ತಂದರೆ 50 ಯೂರೊವರೆಗಿನ ರಿಪೇರಿ ಖರ್ಚನ್ನು ಸರ್ಕಾರದ ನಿಧಿ ಭರಿಸಿತು. ಹೊಸದಾಗಿ ಒಂದನ್ನೂ ಕೊಳ್ಳದೆ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ಲು ರಸ್ತೆಗೆ ಬಂದವು, ದುಡ್ಡು ಸಣ್ಣ ಅಂಗಡಿಗಳಿಗೆ ಹೋಯಿತು. ಇಂಗ್ಲೆಂಡೂ ಅದೇ ವರ್ಷ 50 ಪೌಂಡಿನ ರಿಪೇರಿ ಚೀಟಿ ಕೊಟ್ಟಿತು. ಎರಡೂ ದೇಶಗಳಲ್ಲಿ ಇದು ಸೋಂಕಿನ ಕಾಲದ ತುರ್ತಿಗೆ ಮಾಡಿದ್ದು. ನಮ್ಮ ಹಳ್ಳಿಯ ಹೈಸ್ಕೂಲಿನ ತುರ್ತಿಗೆ ವರ್ಷದ ಲೆಕ್ಕವಿಲ್ಲ.

ಯೋಜನೆ ಮತ್ತೆ ಬರುವುದಾದರೆ ಟೆಂಡರಿನ ಷರತ್ತುಗಳಲ್ಲಿ ಕೆಲವು ಸಾಲು ಸೇರಲಿ. ಪ್ರತಿ ಭಾಗವೂ ತಾಲ್ಲೂಕು ಕೇಂದ್ರದ ಯಾವ ಅಂಗಡಿಯಲ್ಲಾದರೂ ಸಿಗುವ ಸಾಮಾನ್ಯ ಅಳತೆಯದ್ದಾಗಿರಬೇಕು. ಸೈಕಲ್ಲಿನ ಜೊತೆ ಪಂಚರ್ ಸಾಮಾನು ಮತ್ತು ಸ್ಪ್ಯಾನರ್ ಬರಬೇಕು. ಜೋಡಣೆ ಶಾಲೆಯ ಅಂಗಳದಲ್ಲಿ ಮಕ್ಕಳ ಎದುರಿಗೇ, ಅವರ ಕೈಯನ್ನೂ ಹಚ್ಚಿಸಿ ಆಗಬೇಕು. ಕಲಿಸಲು ಸ್ಥಳೀಯ ಮೆಕ್ಯಾನಿಕ್‌ಗೆ ಗೌರವಧನ ಕೊಡಬೇಕು. ಎರಡು ತಿಂಗಳ ಮೇಲೆ ಕಡ್ಡಿ ಬಿಗಿಸಿ ಬೇರಿಂಗ್ ನೋಡುವ ತಪಾಸಣೆಗೆ ಅದೇ ಮೆಕ್ಯಾನಿಕ್‌ಗೆ ಹಣ ಮೀಸಲಿಡಬೇಕು, ಅದು ಮುಗಿಯುವವರೆಗೆ ಗುತ್ತಿಗೆದಾರನ ಕೊನೆಯ ಕಂತು ತಡೆಹಿಡಿಯಬೇಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಪುಸ್ತಕದ ಕಪಾಟಿನ ಪಕ್ಕ ಒಂದು ಪಂಪು, ಒಂದು ಸಾಮಾನಿನ ಪೆಟ್ಟಿಗೆ ಇಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕೊಡಲು ಅಡ್ಡಿ ಏನಿದೆ? ಬೆಂಗಳೂರಿನ ಸೈಕಲ್ ಬಳಗಗಳಿಗೂ ಕೆಲಸವಿದೆ. ಮುಂದಿನ ಸಭೆಗೆ ಹೋಗುವಾಗ ಪಥದ ನಕ್ಷೆಯ ಜೊತೆಗೆ ವಾರ್ಡಿಗೊಂದು ತೆರೆದ ರಿಪೇರಿ ಕಟ್ಟೆಯ ಬೇಡಿಕೆಯನ್ನೂ ಇಡಲಿ, ಅದನ್ನು ನಡೆಸಲು ಬೀದಿ ಬದಿಯ ಮೆಕ್ಯಾನಿಕ್ಕನ್ನೇ ಸಭೆಗೆ ಕರೆದೊಯ್ಯಲಿ.