ಆನೆಲಾಯದಿಂದ ಹಾಲಿವುಡ್‌ಗೆ: ಸಾಬು ನಡೆದ ದಾರಿ

ವಯನಾಡಿನ ಪನಮರಂ ಹೊಳೆ ಮಾನಂದವಾಡಿ ಹೊಳೆಯನ್ನು ಕೂಡಿ ಕಬಿನಿಯಾಗಿ ಹೆಗ್ಗಡದೇವನಕೋಟೆಯ ಕಾಡಿಗೆ ಇಳಿಯುತ್ತದೆ. ಆ ದಂಡೆಯ ಕಾರಾಪುರದಲ್ಲಿ 1924ರ ಜನವರಿ 27ರಂದು ಹುಟ್ಟಿದ ನಟ ಸಾಬುವಿನ ಜನ್ಮಶತಮಾನ ಹೆಚ್ಚು ಸದ್ದಿಲ್ಲದೆ ಕಳೆದುಹೋಯಿತು. ಅಪ್ಪ ಅರಮನೆಯ ಮಾವುತ. ಅವನು ತೀರಿಕೊಂಡ ಮೇಲೆ ಹುಡುಗ ಬೆಳೆದದ್ದು ಆನೆಲಾಯದಲ್ಲಿ. 1935ರಲ್ಲಿ ಕಿಪ್ಲಿಂಗ್ ಕಥೆಯ ಚಿತ್ರಕ್ಕಾಗಿ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ತಂಡದವರ ಕಣ್ಣಿಗೆ ಬಿದ್ದವನು ಇವನು. 1937ರ 'ಎಲಿಫೆಂಟ್ ಬಾಯ್' ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಗೆದ್ದಿತು. ಆ ಹೊತ್ತಿಗಾಗಲೇ ಅಣ್ಣನೊಂದಿಗೆ ಲಂಡನ್ ಸೇರಿದ್ದ ಹುಡುಗ ಇಂಗ್ಲಿಷ್ ಕಲಿಯುತ್ತಿದ್ದ.

ಮುಂದಿನ ಐದು ವರ್ಷ ಅವನದೇ. 1938ರ 'ದಿ ಡ್ರಮ್' ಬ್ರಿಟಿಷರ ಗುಣಗಾನವೆಂದು ಮುಂಬಯಿಯಲ್ಲಿ ಜನ ರೊಚ್ಚಿಗೆದ್ದರು. ಆ ಸಿಟ್ಟು ನ್ಯಾಯವಾದದ್ದೇ, ಆದರೆ ಹದಿನಾಲ್ಕರ ಹುಡುಗ ಕಥೆ ಬರೆದವನಲ್ಲವಲ್ಲ! 'ದಿ ಥೀಫ್ ಆಫ್ ಬಾಗ್ದಾದ್' ಲಂಡನ್ನಿನಲ್ಲಿ ಶುರುವಾಗಿ, ಯುದ್ಧದಿಂದಾಗಿ ಹಾಲಿವುಡ್‌ನಲ್ಲಿ ಮುಗಿಯಿತು. ಆ 1940ರ ಚಿತ್ರದ ಕಳ್ಳ ಹುಡುಗ ಅಬುವಿನ ತುಂಟತನ, ಚುರುಕು ಇಂದಿಗೂ ಮಾಸಿಲ್ಲ. 1942ರಲ್ಲಿ ತೆರೆಯ ಮೇಲೆ ಕಿಪ್ಲಿಂಗ್‌ನ ಮೌಗ್ಲಿಯಾದ. ಯೂನಿವರ್ಸಲ್ ಕಂಪನಿ ಸೇರಿದ ಮೇಲೆ ಮಾತ್ರ ಇಳಿಮುಖ ಶುರು. ಮಾರಿಯಾ ಮೋಂಟೆಜ್, ಜಾನ್ ಹಾಲ್ ಪ್ರೇಮಿಸುತ್ತಿದ್ದರೆ ಸಾಬು ಪಕ್ಕದ ಗೆಳೆಯ. ನಾಯಕನಾಗಿದ್ದವನು ಪೋಷಕ ನಟನಾದ. ಮೈಯ ತುಂಬ ಬಟ್ಟೆ ತೊಡುವ ಪಾತ್ರಗಳೇ ಅಪರೂಪವಾದವು.

1944ರಲ್ಲಿ ಅಮೆರಿಕದ ಪೌರತ್ವ ಪಡೆದ ಸಾಬು, ಬಿ-24 ಬಾಂಬರ್‌ಗಳಲ್ಲಿ ಗನ್ನರ್ ಆಗಿ ಯುದ್ಧಕ್ಕೆ ಹಾರಿ ಶೌರ್ಯಪದಕ ತಂದರು. ಮರಳಿದಾಗ ತೆರೆಯ ಮೇಲೆ ಬಾಲಕನಾಗಿ ಉಳಿಯುವ ವಯಸ್ಸು ದಾಟಿತ್ತು. ದೊಡ್ಡವನಾದ ಭಾರತೀಯನಿಗೆ ಬರೆದ ಪಾತ್ರಗಳು ಹಾಲಿವುಡ್‌ನಲ್ಲಿ ಹೆಚ್ಚಿರಲಿಲ್ಲ. 1947ರಲ್ಲಿ ಬ್ರಿಟನ್ನಿನ 'ಬ್ಲ್ಯಾಕ್ ನಾರ್ಸಿಸಸ್' ಅವರಿಗೆ ರೇಷ್ಮೆಯುಟ್ಟು ಸುಗಂಧ ಪೂಸಿಕೊಂಡ ಯುವರಾಜನ ಪಾತ್ರ ಕೊಟ್ಟಿತು. ಚಿಕ್ಕ ಪಾತ್ರ. ನನ್ನ ಮಟ್ಟಿಗೆ ಅವರ ಶಕ್ತಿ ಏನೆಂದು ತೋರಿಸಿದ್ದು ಅದೇ: ಜಂಬ, ಮುಗ್ಧತೆ ಒಂದೇ ನಗುವಿನಲ್ಲಿ. ಅಂಥ ಇನ್ನೊಂದು ಪಾತ್ರ ಬರಲಿಲ್ಲ; 1948ರಲ್ಲಿ 'ಮ್ಯಾನ್-ಈಟರ್ ಆಫ್ ಕುಮಾವೂನ್', ಮತ್ತೆ ಕಾಡು. 1952ರ ಹೊತ್ತಿಗೆ ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆ ಆಡಿಸುತ್ತಿದ್ದರು.

ತಾಯ್ನಾಡಿನ ಬಾಗಿಲೂ ಒಮ್ಮೆ ಅರ್ಧ ತೆರೆದಿತ್ತು. ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಸಾಬುವನ್ನು ಬಯಸಿದ್ದರು. ಕೆಲಸದ ಪರವಾನಗಿ ಸಿಗದೆ ಅದು ಸುನಿಲ್ ದತ್ ಪಾಲಾಯಿತು. ಭಾರತದ ಒಂದು ಚಿತ್ರದಲ್ಲೂ ಅವರು ನಟಿಸಲಿಲ್ಲ. ನಮ್ಮ ನಷ್ಟ ಅದು, ಹಾಲಿವುಡ್‌ನದಲ್ಲ. 1960ರಲ್ಲಿ ಹಾಲಿವುಡ್ ತನ್ನ 'ವಾಕ್ ಆಫ್ ಫೇಮ್' ಕಾಲುದಾರಿಯಲ್ಲಿ ಸಾಬು ಹೆಸರಿನ ನಕ್ಷತ್ರ ಕೂರಿಸಿತು. 1963ರ ಡಿಸೆಂಬರ್ 2ರಂದು, 39ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡರು. ಕೊನೆಯ ಚಿತ್ರ, ಡಿಸ್ನಿಯವರ 'ಎ ಟೈಗರ್ ವಾಕ್ಸ್', ಮರುವರ್ಷ ಬಂತು. ಅದರಲ್ಲಿ ಅವರು ಹುಲಿ ಪಳಗಿಸುವವನ ಪಾತ್ರದಲ್ಲಿದ್ದರು.