ಹೆಸರಿಲ್ಲದ ಹತ್ತು ಹಾಡು

ಹರಿಹರದ ಗೆಳೆಯ, ದಾವಣಗೆರೆಯ ನಾನು ತಿಂಗಳಿಗೊಮ್ಮೆ ಪೆನ್‌ಡ್ರೈವ್ ಬದಲಾಯಿಸಿಕೊಳ್ಳುತ್ತೇವೆ. ಅದರಲ್ಲಿ ಹತ್ತು ಹಾಡು. ಫೈಲಿಗೆ ಹೆಸರಿಲ್ಲ, ಬರೀ ನಂಬರು. ಹಾಡಿದವರು ಯಾರೆಂದು ಹೇಳಬೇಕು. ಹಾಡು ಗುರುತಿಸುವ ಆ್ಯಪ್ ಮುಟ್ಟುವಂತಿಲ್ಲ.

ಈಗಿನ ಫೋನು ಹಾಡಿಗಿಂತ ಮೊದಲು ಹೆಸರು, ಫೋಟೊ, ಎಷ್ಟು ಜನ ಕೇಳಿದ್ದಾರೆಂಬ ಲೆಕ್ಕ ತೋರಿಸುತ್ತದೆ. ಇಷ್ಟವೋ ಅಲ್ಲವೋ ಎಂಬುದು ಅಲ್ಲೇ ಅರ್ಧ ತೀರ್ಮಾನವಾಗಿಬಿಡುತ್ತದೆ. ಕಳೆದ ಸಲ ನಾನು ಗಂಗೂಬಾಯಿ ಹಾನಗಲ್ ಅವರ ಖಯಾಲ್ ಹಾಕಿದ್ದೆ. 'ಯಾರಲೇ ಈ ಗಂಡಸು?' ಎಂದು ಫೋನ್ ಮಾಡಿದ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಡಸಾಯಿತು ಎಂದೆ. ಮತ್ತೆ ಮೂರು ಸಲ ಕೇಳಿದನಂತೆ. ಹೆಸರು ಕಂಡಿದ್ದರೆ ಶಾಸ್ತ್ರೀಯ ಸಂಗೀತವೆಂದು ಮುಂದಕ್ಕೆ ಓಡಿಸುತ್ತಿದ್ದ, ನನಗೆ ಗೊತ್ತು.

ನಮ್ಮ ಮನೆಗಳಲ್ಲಿ ಹಳೆಯದೆಲ್ಲ 'ಅಣ್ಣಾವ್ರ ಹಾಡು'. ಆದರೆ 1974ರ 'ಸಂಪತ್ತಿಗೆ ಸವಾಲ್'ಗಿಂತ ಮುಂಚಿನವು ಹೆಚ್ಚಾಗಿ ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಕೊಟ್ಟ ಕಂಠ. ತೆರೆಯ ಮೇಲಿನ ಮುಖ ಹಾಡಿದವರ ಹೆಸರನ್ನು ನುಂಗಿಬಿಟ್ಟಿತು. ಹೆಸರು ಮುಚ್ಚಿಟ್ಟು ಆಡುವ ಈ ಆಟದಲ್ಲಿ ಅಂಥ ಹೆಸರುಗಳೇ ವಾಪಸು ಬರುತ್ತಿವೆ. ಕಾಲೇಜುಗಳ ಅಂತ್ಯಾಕ್ಷರಿಯಲ್ಲೂ 'ಹಾಡಿದವರು ಯಾರು' ಎಂಬ ಒಂದು ಸುತ್ತು ಇರಲಿ. ನಾಯಕನ ಹೆಸರು ಹೇಳಿದವರಿಗೆ ಅಂಕ ಬೇಡ.